ಸ್ಟೇ, ತಡೆಯಾಜ್ಞೆ, ನಿರ್ಬಂಧಕಾಜ್ಞೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡು, ತಿ. ನರಸೀಪುರ ಎಲ್ಲೇ ಹೋಗಿ, ಜಮೀನಿನ ತಕರಾರು ಕೋರ್ಟ್ ಮೆಟ್ಟಿಲು ಹತ್ತಿದ ಕೂಡಲೇ ಕೇಳಿಬರುವ ಮಾತು "ಸ್ಟೇ ತಂದಿದ್ದಾರಂತೆ" ಎಂಬುದು. ಈ ಒಂದು ಪದದೊಳಗೆ ಬೇರೆ ಬೇರೆ ಆದೇಶಗಳು ಸೇರಿಕೊಂಡಿವೆ. ಯಾವುದು ಯಾವುದೆಂದು ತಿಳಿಯದೆ ಕೆಲಸ ನಿಲ್ಲಿಸಿ ನಷ್ಟ ಮಾಡಿಕೊಂಡವರೂ ಇದ್ದಾರೆ, ಕೆಲಸ ಮುಂದುವರಿಸಿ ಜೈಲಿನ ಬಾಗಿಲವರೆಗೆ ಹೋದವರೂ ಇದ್ದಾರೆ.

ತಡೆಯಾಜ್ಞೆ ಮತ್ತು ನಿರ್ಬಂಧಕಾಜ್ಞೆ ಎರಡೂ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಒಂದೇ, ಕಾನೂನಿನಲ್ಲಿ ಅಲ್ಲ. ನಿರ್ಬಂಧಕಾಜ್ಞೆ ಎಂದರೆ ಇಂಜಂಕ್ಷನ್. ಅದನ್ನು ಹೊರಡಿಸುವುದು ಮನುಷ್ಯರ ಮೇಲೆ: "ನೀನು ಈ ಜಮೀನಿಗೆ ಕಾಲಿಡಬೇಡ", "ಈ ಗೋಡೆ ಕಟ್ಟಬೇಡ", "ಇದನ್ನು ಮಾರಬೇಡ". ತಡೆಯಾಜ್ಞೆ, ಅಂದರೆ ನಿಜವಾದ ಅರ್ಥದ ಸ್ಟೇ, ಒಂದು ಆದೇಶದ ಅಥವಾ ನಡವಳಿಯ ಮೇಲೆ ಬೀಳುತ್ತದೆ. ಕೆಳ ನ್ಯಾಯಾಲಯದ ಡಿಕ್ರಿ (ತೀರ್ಪಿನ ಅಂತಿಮ ಆಜ್ಞೆ), ತಹಶೀಲ್ದಾರರ ಆದೇಶ, ಹರಾಜು, ಇವು ಮುಂದಕ್ಕೆ ಹೋಗದಂತೆ ಮೇಲಿನ ಪ್ರಾಧಿಕಾರ ತಡೆಯುವುದು ಅದು.

ಪಕ್ಕದ ಜಮೀನಿನವರು ಬದು ಒತ್ತಿ ಕಬ್ಬು ನಾಟಿ ಮಾಡಲು ಬಂದರೆ ಬೇಕಾಗುವುದು ನಿರ್ಬಂಧಕಾಜ್ಞೆ. ಅವರು ಗೆದ್ದ ಡಿಕ್ರಿ ಹಿಡಿದು ಅಮೀನರೊಂದಿಗೆ (ಕೋರ್ಟಿನ ಆದೇಶ ಜಾರಿಮಾಡುವ ಸಿಬ್ಬಂದಿ) ಸ್ವಾಧೀನಕ್ಕೆ ಬಂದರೆ ಬೇಕಾಗುವುದು ಮೇಲ್ಮನವಿ ಮತ್ತು ತಡೆಯಾಜ್ಞೆ. ಮೊದಲನೆಯದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 (ಇಲ್ಲಿ ಆದೇಶ ಎಂದರೆ ಆ ಸಂಹಿತೆಯ ಒಂದು ಅಧ್ಯಾಯ), ಎರಡನೆಯದಕ್ಕೆ ಆದೇಶ 41ರ ನಿಯಮ 5. ಒಂದಕ್ಕೆ ಕೇಳಬೇಕಾದ್ದನ್ನು ಇನ್ನೊಂದರಲ್ಲಿ ಕೇಳಿದರೆ ಅರ್ಜಿ ನಿಲ್ಲುವುದಿಲ್ಲ.

ಹಾಗಾದರೆ ಡಿ.ಸಿ. ಅಥವಾ ಪೊಲೀಸ್ ಕಮಿಷನರ್ ಹೊರಡಿಸುವ ನಿಷೇಧಾಜ್ಞೆ?

ಅದು ಸಿವಿಲ್ ಕೋರ್ಟಿನದ್ದಲ್ಲ. ಜನ ಇಂದಿಗೂ "144 ಹಾಕಿದ್ದಾರೆ" ಎನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಶಾಂತಿ ಕಾಪಾಡಲೆಂದು ಹೊರಡಿಸುವ ಆ ಆದೇಶ ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ, ರಾಜ್ಯ ಸರ್ಕಾರ ಮಾತ್ರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ಜಮೀನು ಯಾರದ್ದು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ.

ನಿರ್ಬಂಧಕಾಜ್ಞೆಯಲ್ಲಿ ಎಷ್ಟು ವಿಧ?

ದಾವೆ ಮುಗಿಯುವವರೆಗೆ ಅಥವಾ ಮುಂದಿನ ಆದೇಶದವರೆಗೆ ಕೊಡುವುದು ತಾತ್ಕಾಲಿಕ ನಿರ್ಬಂಧಕಾಜ್ಞೆ. ಸಾಕ್ಷಿ, ಪಾಟೀ ಸವಾಲು ಎಲ್ಲ ಮುಗಿದು ತೀರ್ಪಿನಲ್ಲಿ ಕೊಡುವುದು ಶಾಶ್ವತ ನಿರ್ಬಂಧಕಾಜ್ಞೆ. ಇದಕ್ಕೆ ಆಧಾರ ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ ಕಲಂ 38. ಮೂರನೆಯದನ್ನು ವಕೀಲರು ಮ್ಯಾಂಡೇಟರಿ ಇಂಜಂಕ್ಷನ್ ಎನ್ನುತ್ತಾರೆ: ಹಾಕಿದ ಬೇಲಿ ಕೀಳಿಸುವುದು, ಮುಚ್ಚಿದ ಬಂಡಿದಾರಿ ತೆರೆಸುವುದು. ಅದು ಕಲಂ 39. ದಾವೆ ನಡೆಯುತ್ತಿರುವಾಗಲೇ ಇದನ್ನು ಕೊಡುವುದು ಬಹಳ ಅಪರೂಪ, ಯಾಕೆಂದರೆ ಕೆಡವಿದ ಮೇಲೆ ವಾದಿ ಸೋತರೆ ಮತ್ತೆ ಕಟ್ಟಿಸಿಕೊಡುವವರು ಯಾರು?

"ಯಥಾಸ್ಥಿತಿ ಕಾಪಾಡಿ" ಎಂಬ ಆದೇಶವನ್ನೂ ಇಲ್ಲೇ ಹೇಳಬೇಕು. ಸ್ಟೇಟಸ್ ಕೋ ಎನ್ನುವುದು ಇದನ್ನೇ. ಯಾವ ದಿನದ ಸ್ಥಿತಿ, ಸ್ವಾಧೀನದ್ದೋ ಕಟ್ಟಡದ್ದೋ ಖಾತೆಯದ್ದೋ ಎಂದು ಬಿಡಿಸಿ ಬರೆಯದಿದ್ದರೆ ಎರಡೂ ಕಡೆಯವರು "ನಾನೇ ಸ್ವಾಧೀನದಲ್ಲಿದ್ದೆ" ಎಂದು ಅದೇ ಆದೇಶವನ್ನು ಠಾಣೆಯಲ್ಲಿ ತೋರಿಸುತ್ತಾರೆ. ನಿಮ್ಮ ವಕೀಲರು "ಇಂದಿನ ದಿನಾಂಕಕ್ಕೆ, ಸ್ವಾಧೀನ ಮತ್ತು ಸ್ವತ್ತಿನ ಸ್ವರೂಪದ ಬಗ್ಗೆ" ಎಂಬಷ್ಟನ್ನಾದರೂ ಆದೇಶದಲ್ಲಿ ಸೇರಿಸಲು ಕೋರಲಿ.

ಕೋರ್ಟ್ ಯಾವುದನ್ನು ನೋಡಿ ಕೊಡುತ್ತದೆ?

ಮೂರು ಸಂಗತಿ. ಮೇಲ್ನೋಟಕ್ಕೆ ವಾದಿಯ ಪ್ರಕರಣದಲ್ಲಿ ಹುರುಳಿದೆಯೇ; ಕೊಟ್ಟರೆ ಪ್ರತಿವಾದಿಗೆ ಆಗುವ ತೊಂದರೆಗಿಂತ ಕೊಡದಿದ್ದರೆ ವಾದಿಗೆ ಆಗುವ ತೊಂದರೆ ಹೆಚ್ಚೇ; ಹಣದಿಂದ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. ಮೂರೂ ಬೇಕು. ಮೊದಲನೆಯದೊಂದೇ ಸಾಲದೆಂದು ಸುಪ್ರೀಂ ಕೋರ್ಟ್ ಹೇಳಿದೆ.

ಇವುಗಳ ಹಿಂದೆ ಇನ್ನೊಂದಿದೆ: ಶುದ್ಧ ಹಸ್ತ. ವಾದಪತ್ರದಲ್ಲಿ ಹಿಂದಿನ ದಾವೆಯನ್ನೋ, ಆಗಿಹೋದ ವಿಭಾಗಪತ್ರವನ್ನೋ, ತಾವೇ ಬರೆದುಕೊಟ್ಟ ಕ್ರಯದ ಕರಾರನ್ನೋ ಮುಚ್ಚಿಟ್ಟರೆ, ಅದು ಹೊರಬಿದ್ದ ದಿನ ಆದೇಶ ರದ್ದಾಗುತ್ತದೆ. ಸಣ್ಣದೆಂದು ಕಂಡರೂ ಎಲ್ಲವನ್ನೂ ವಕೀಲರಿಗೆ ಹೇಳಿಬಿಡಿ.

ಯಾವ ಕಾಗದ ಬೇಕು?

ನಿರ್ಬಂಧಕಾಜ್ಞೆ ದಾವೆಯಲ್ಲಿ ಮೊದಲು ತೋರಿಸಬೇಕಾದ್ದು ದಾವೆ ಹಾಕಿದ ದಿನ ಸ್ವತ್ತು ನಿಮ್ಮ ಸ್ವಾಧೀನಾನುಭವದಲ್ಲಿದೆ ಎಂಬುದು. ಬೇಸಾಯದ ಜಮೀನಿಗೆ ಪಹಣಿ ಮುಖ್ಯ. ಅದರ 9ನೇ ಕಾಲಂನಲ್ಲಿ ಮಾಲೀಕರು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 133ರಂತೆ, ಸುಳ್ಳೆಂದು ರುಜುವಾಗುವವರೆಗೆ ಪಹಣಿ ನಮೂದನ್ನು ನಿಜವೆಂದೇ ಭಾವಿಸಬೇಕು. ಇದರ ಜೊತೆಗೆ ಕ್ರಯಪತ್ರ ಅಥವಾ ವಿಭಾಗಪತ್ರ, ಮ್ಯುಟೇಶನ್, ಕಂದಾಯದ ರಸೀದಿ, ಋಣಭಾರ ಪತ್ರ, ಸರ್ವೆ ನಕ್ಷೆ. ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ಚೀಟಿ, ಸೊಸೈಟಿಯ ಬೆಳೆಸಾಲದ ದಾಖಲೆ ಇದ್ದರೆ ಬಿಡಬೇಡಿ. ಆ ಜಮೀನಿನಲ್ಲಿ ಬೆಳೆದವರು ಯಾರು ಎಂಬುದಕ್ಕೆ ಅವು ಗಟ್ಟಿ ಪುರಾವೆ. ಗ್ರಾಮಠಾಣಾ ಮನೆ, ಸೈಟಿಗೆ ಇ-ಸ್ವತ್ತಿನ ನಮೂನೆ. ಮೈಸೂರು ನಗರದ ಸೈಟಿಗೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಖಾತೆ, ತೆರಿಗೆ ರಸೀದಿ, ಮಂಜೂರಾದ ಪ್ಲಾನ್. ದಿನಾಂಕವಿರುವ ಫೋಟೊ ನಾಲ್ಕು ದಿಕ್ಕಿನಿಂದಲೂ ಇರಲಿ.

ಷೆಡ್ಯೂಲ್ ಬಗ್ಗೆ ಅಷ್ಟೊಂದು ಯಾಕೆ ಹೇಳುತ್ತಾರೆ?

ಷೆಡ್ಯೂಲ್ ಎಂದರೆ ವಾದಪತ್ರದಲ್ಲಿ ಬರೆಯುವ ಸ್ವತ್ತಿನ ವಿವರ. ಆದೇಶ ಕಾಪಾಡುವುದು ಅದರಲ್ಲಿ ಬರೆದ ಸ್ವತ್ತನ್ನು ಮಾತ್ರ. ಒಂದು ಉದಾಹರಣೆ ನೋಡಿ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 3 ಎಕರೆ 8 ಗುಂಟೆ. ಅದರಲ್ಲಿ ವಾದಿಯದ್ದು 1 ಎಕರೆ 12 ಗುಂಟೆ, ಅಂದರೆ 52 ಗುಂಟೆ. ಪೋಡಿ (ಅಳೆದು ಭಾಗ ಬೇರ್ಪಡಿಸುವುದು) ಆಗಿಲ್ಲ, ಹಿಸ್ಸಾ (ಉಪಭಾಗದ) ನಂಬರ್ ಇಲ್ಲ. ಷೆಡ್ಯೂಲಿನಲ್ಲಿ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಬರೆದು, ಚೆಕ್ಕುಬಂದಿಗೆ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಹಳೇ ಕ್ರಯಪತ್ರದ ಹೆಸರುಗಳನ್ನೇ ಎತ್ತಿ ಹಾಕಿದ್ದಾರೆ. ಪೂರ್ವಕ್ಕೆ ಇದ್ದವರು ಇಪ್ಪತ್ತು ವರ್ಷದ ಹಿಂದೆಯೇ ಮಾರಿಹೋಗಿದ್ದಾರೆ, ಉತ್ತರಕ್ಕಿದ್ದ ಓಣಿ ಈಗ ನಾಲೆ ಏರಿಯ ರಸ್ತೆ. ತಾತ್ಕಾಲಿಕ ಆಜ್ಞೆ ಬಂತು. ಪ್ರತಿವಾದಿ ಆ ಸರ್ವೆ ನಂಬರಿನಲ್ಲೇ ಉತ್ತು "ಇದು ನನ್ನ ಭಾಗ, ಆದೇಶ ಇರುವ 52 ಗುಂಟೆ ಆ ಕಡೆಯದ್ದು" ಎಂದರೆ, ಠಾಣೆಯಲ್ಲಿ ಯಾರೂ ಅದನ್ನು ಅಳೆದು ತೀರ್ಮಾನಿಸುವುದಿಲ್ಲ. ಆಜ್ಞೆ ಉಲ್ಲಂಘನೆಯ ಅರ್ಜಿಯೂ ಅದೇ ಗೊಂದಲದಲ್ಲಿ ಬಿದ್ದುಹೋಗುತ್ತದೆ.

ಆದ್ದರಿಂದ ದಾವೆಗೆ ಮೊದಲೇ ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸಿ, ಇಂದಿನ ಚೆಕ್ಕುಬಂದಿ ಬರೆದು, ಕೈನಕ್ಷೆ ಲಗತ್ತಿಸಿ. ನಕ್ಷೆಯಲ್ಲಿ ನಾಲ್ಕು ಮೂಲೆಗೂ ಅಕ್ಷರ ಕೊಟ್ಟು, ಬಾವಿ, ಬೋರು, ತೆಂಗಿನ ಮರದಂಥ ಗುರುತು ತೋರಿಸಿ. ಅಳತೆಗೆ ಸಮಯವೇ ಇಲ್ಲದಷ್ಟು ತುರ್ತಾದರೆ ದಾವೆ ಹಾಕಿ, ಆದೇಶ 26ರ ನಿಯಮ 9ರಲ್ಲಿ ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕ ಕೋರಬಹುದು. ಆದರೆ ಸ್ವಾಧೀನ ಯಾರದ್ದೆಂದು ಪತ್ತೆಮಾಡಿಕೊಡಲು ಕಮಿಷನರನ್ನು ಕಳಿಸುವುದಿಲ್ಲ.

ಆದೇಶದ ಪ್ರತಿ ಕೈಗೆ ಬಂದಿದೆ. ಹೇಗೆ ಓದುವುದು?

ಕೊನೆಯಿಂದ ಓದಿ. ಕಾರಣಗಳೆಲ್ಲ ಮುಗಿದ ಮೇಲೆ ಬರುವ ಆದೇಶ ಭಾಗವೇ ನಿಮ್ಮನ್ನು ಕಟ್ಟುವುದು. ಸಾಮಾನ್ಯವಾಗಿ ಹೀಗಿರುತ್ತದೆ: "ಪ್ರತಿವಾದಿ 1 ರಿಂದ 3, ಅವರ ಏಜೆಂಟರು, ಆಳುಗಳು ಅಥವಾ ಅವರ ಪರವಾಗಿ ಯಾರೇ ಆಗಲಿ, ದಾವಾ ಷೆಡ್ಯೂಲ್ ಸ್ವತ್ತಿನ ಮೇಲೆ ವಾದಿಯ ಶಾಂತಿಯುತ ಸ್ವಾಧೀನಾನುಭವಕ್ಕೆ ಮುಂದಿನ ವಿಚಾರಣಾ ದಿನಾಂಕದವರೆಗೆ ಅಡ್ಡಿಪಡಿಸಕೂಡದು."

ಯಾರಿಗೆ? 1 ರಿಂದ 3ನೇ ಪ್ರತಿವಾದಿಗಳಿಗೆ. ನಾಲ್ಕನೆಯವರು ದಾವೆಯಲ್ಲಿದ್ದರೂ ಈ ಸಾಲಿನಲ್ಲಿಲ್ಲ. ಏನನ್ನು? ಸ್ವಾಧೀನಕ್ಕೆ ಅಡ್ಡಿಪಡಿಸುವುದನ್ನು. ಪರಭಾರೆಯ ಮಾತು ಇಲ್ಲಿಲ್ಲ, ಆದ್ದರಿಂದ ಮಾರಾಟ ತಡೆಯಲು ಇನ್ನೊಂದು ಮಧ್ಯಂತರ ಅರ್ಜಿ ಬೇಕು. ಎಲ್ಲಿಯವರೆಗೆ? ಮುಂದಿನ ದಿನಾಂಕದವರೆಗೆ. ಹೆಚ್ಚು ಜನ ಮುಗ್ಗರಿಸುವುದು ಈ ಕೊನೆಯ ಮಾತಿನಲ್ಲಿ. ಆ ದಿನ ಬೆಂಚಿನಲ್ಲಿ ವಿಸ್ತರಣೆ ಕೋರಿ, ಆರ್ಡರ್ ಶೀಟಿನಲ್ಲಿ "ತಾತ್ಕಾಲಿಕ ಆದೇಶ ವಿಸ್ತರಿಸಲಾಗಿದೆ" ಎಂದು ಬರೆಸದಿದ್ದರೆ ಆಜ್ಞೆ ಅಲ್ಲಿಗೆ ನಿಂತುಹೋಗುತ್ತದೆ. ವಕೀಲರು ಗೈರು, ನ್ಯಾಯಾಧೀಶರು ರಜೆ, ಹೊಸ ಮುದ್ದತ್ತು (ವಿಚಾರಣೆಯ ದಿನಾಂಕ) ಬಿತ್ತು ಎಂಬ ದಿನಗಳಲ್ಲೇ ಇದು ತಪ್ಪಿಹೋಗುವುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರದ ಸಿ.ಎನ್.ಆರ್. (ಪ್ರಕರಣದ ಗುರುತು) ನಂಬರ್ ಹಾಕಿ ಪ್ರತಿ ಮುದ್ದತ್ತಿನ ಸಂಜೆ ನೋಡಿಕೊಳ್ಳಿ. ಅಲ್ಲಿ ಮುಂದಿನ ದಿನಾಂಕ ಕಾಣುತ್ತದೆ ನಿಜ, ವಿಸ್ತರಣೆ ಆಯಿತೋ ಇಲ್ಲವೋ ಎಂಬುದಕ್ಕೆ ಆರ್ಡರ್ ಶೀಟನ್ನೇ ನೋಡಬೇಕು.

ಎದುರಾಳಿಗೆ ನೋಟಿಸ್ ಇಲ್ಲದೆಯೇ ಆದೇಶ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಅದು ವಿನಾಯಿತಿ. ಆದೇಶ 39ರ ನಿಯಮ 3ರ ಪ್ರಕಾರ ನೋಟಿಸ್ ಕೊಟ್ಟೇ ಕೇಳಬೇಕು. ನೋಟಿಸ್ ಕೊಡುವಷ್ಟರಲ್ಲಿ ಉದ್ದೇಶವೇ ಕೆಟ್ಟುಹೋಗುತ್ತದೆ ಎನಿಸಿದರೆ ನ್ಯಾಯಾಧೀಶರು ಕಾರಣ ಬರೆದು ಏಕಪಕ್ಷೀಯವಾಗಿ ಕೊಡಬಹುದು. ಜೆ.ಸಿ.ಬಿ. ಬಂದು ನಿಂತಿದೆ, ಪಾಯ ತೆಗೆಯುತ್ತಿದ್ದಾರೆ ಎಂಬುದನ್ನು ಫೋಟೊ ಸಮೇತ ಪ್ರಮಾಣಪತ್ರದಲ್ಲಿ ಹೇಳಬೇಕು. "ತೊಂದರೆ ಕೊಡುತ್ತಿದ್ದಾರೆ" ಎಂಬ ಬರೀ ಸಾಲಿಗೆ ತುರ್ತು ನೋಟಿಸ್ ಆಗುತ್ತದೆ, ಆದೇಶ ಆಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು ಎಂದು ಬರೆಯಿರಿ.

ಆದೇಶ ಸಿಕ್ಕ ಕೂಡಲೇ ಅರ್ಜಿ, ಪ್ರಮಾಣಪತ್ರ, ವಾದಪತ್ರ, ದಾಖಲೆಗಳ ಪ್ರತಿಯನ್ನು ಎದುರಾಳಿಗೆ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದಕ್ಕೆ ಪ್ರಮಾಣಪತ್ರವನ್ನು ಅದೇ ದಿನ ಅಥವಾ ಮರುದಿನವೇ ಕೋರ್ಟಿಗೆ ಕೊಡಬೇಕು. ಇದನ್ನು ಮರೆತವರ ಆದೇಶವನ್ನು ಇದೊಂದೇ ಕಾರಣಕ್ಕೆ ತೆಗೆಸಲು ಎದುರಾಳಿಗೆ ದಾರಿಯಾಗುತ್ತದೆ. ನಿಯಮ 3ಎ ಪ್ರಕಾರ, ಇಂಥ ಆದೇಶ ಕೊಟ್ಟ 30 ದಿನದೊಳಗೆ ಅರ್ಜಿಯನ್ನು ಕೊನೆಗಾಣಿಸಲು ಕೋರ್ಟ್ ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ದಾಖಲಿಸಬೇಕು.

ಬೇಸಿಗೆ ರಜೆ, ದಸರಾ ರಜೆ ಶುರುವಾಗುವ ಹಿಂದಿನ ಸಂಜೆ ಪಾಯ ತೆಗೆಯುವವರಿದ್ದಾರೆ. ರಜೆಯಲ್ಲೂ ತುರ್ತು ಅರ್ಜಿ ಕೇಳಲು ರಜಾಕಾಲದ ನ್ಯಾಯಾಧೀಶರು ಇರುತ್ತಾರೆ, ಕಾದು ಕೂರಬೇಡಿ.

ನಮ್ಮ ಮೇಲೆ ಯಾರೋ ಆದೇಶ ತರುವ ಸುಳಿವಿದೆ. ಮೊದಲೇ ಏನು ಮಾಡಬಹುದು?

ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148ಎ ಪ್ರಕಾರ ಕೇವಿಯಟ್ (ಮುನ್ನೆಚ್ಚರಿಕೆಯ ಅರ್ಜಿ) ಹಾಕಿ. ಆಗ ನಿಮಗೆ ತಿಳಿಸದೆ ಅರ್ಜಿಯ ಮೇಲೆ ಆದೇಶ ಮಾಡುವಂತಿಲ್ಲ. ಅದರ ಆಯುಸ್ಸು 90 ದಿನ. ಆಮೇಲೂ ಭಯವಿದ್ದರೆ ಹೊಸದಾಗಿ ಹಾಕಬೇಕು. ಎದುರಾಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿದ ರಸೀದಿ ಲಗತ್ತಿಸಬೇಕು. ಕೆಡುವುದು ಎರಡು ಕಡೆ. ಒಂದು, ಹೆಸರು: ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಊರಲ್ಲಿ ಕರೆಯುವುದು ಮತ್ತೊಂದು. "ಉರುಫ್" ಹಾಕಿ ಎಲ್ಲವನ್ನೂ ಬರೆಯಿರಿ. ಎರಡು, ಕೋರ್ಟ್: ದಾವೆ ಸಿವಿಲ್ ನ್ಯಾಯಾಧೀಶರಲ್ಲಿಗೋ ಹಿರಿಯ ಸಿವಿಲ್ ನ್ಯಾಯಾಧೀಶರಲ್ಲಿಗೋ ಹೋಗಬಹುದು, ಆದ್ದರಿಂದ ಎರಡೂ ಕಡೆ ಹಾಕಿ.

ನಮ್ಮ ಮೇಲೆ ಏಕಪಕ್ಷೀಯ ಆದೇಶ ಬಂದೇಬಿಟ್ಟಿದೆ.

ಮೊದಲು ಪಾಲಿಸಿ. ತಪ್ಪು ಆದೇಶವನ್ನೂ ರದ್ದಾಗುವವರೆಗೆ ಪಾಲಿಸಲೇಬೇಕು. ಅಮೀನರು ತಂದ ಸಮನ್ಸು, ಆದೇಶದ ಪ್ರತಿಯನ್ನು ಬೇಡವೆಂದು ವಾಪಸ್ ಕಳಿಸಬೇಡಿ. ನಿರಾಕರಿಸಿದ್ದನ್ನೂ ತಲುಪಿದಂತೆಯೇ ಎಣಿಸುತ್ತಾರೆ. ವಕಾಲತ್ತು ಹಾಕಿಸಿ, ಆಕ್ಷೇಪಣೆಯ ಜೊತೆಗೆ ಆದೇಶ 39ರ ನಿಯಮ 4ರಲ್ಲಿ ಆದೇಶ ರದ್ದು ಅಥವಾ ಮಾರ್ಪಾಡು ಕೋರಿ ಅರ್ಜಿ ಕೊಡಿ. ವಾದಿ ಮುಖ್ಯ ಸಂಗತಿ ಮರೆಮಾಚಿದ್ದರೆ ಅದನ್ನೇ ಮೊದಲ ಪ್ಯಾರಾದಲ್ಲಿಡಿ. ಮೇಲ್ಮನವಿಗೂ ಅವಕಾಶವಿದೆ, ಆದೇಶ 43ರ ನಿಯಮ 1(ಆರ್): ಹೈಕೋರ್ಟಿಗಾದರೆ 90 ದಿನ, ಬೇರೆ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕದಿಂದ ಕಳೆಯುತ್ತವೆ, ಹಾಗಾಗಿ ನಕಲು ಅರ್ಜಿಯನ್ನು ಮೊದಲ ದಿನವೇ ಹಾಕಿ.

ಆದೇಶವಿದ್ದರೂ ಕೆಲಸ ನಿಲ್ಲಿಸುತ್ತಿಲ್ಲ. ಪೊಲೀಸರು "ಇದು ಸಿವಿಲ್" ಎನ್ನುತ್ತಾರೆ.

ಪೊಲೀಸರ ಮಾತು ಅರ್ಧ ಸರಿ. ಉಲ್ಲಂಘನೆಗೆ ಶಿಕ್ಷೆ ಕೊಡುವುದು ಆಜ್ಞೆ ಕೊಟ್ಟ ಕೋರ್ಟೇ. ಆದೇಶ 39ರ ನಿಯಮ 2ಎ ಪ್ರಕಾರ ಸ್ವತ್ತು ಜಪ್ತಿ ಮಾಡಿಸಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಬಹುದು. ಜಪ್ತಿ ಒಂದು ವರ್ಷ ಇರುತ್ತದೆ, ಆಮೇಲೂ ಉಲ್ಲಂಘನೆ ನಿಲ್ಲದಿದ್ದರೆ ಮಾರಿ ನಷ್ಟ ತುಂಬಿಸಬಹುದು. ಇದಕ್ಕೆ ಆತನಿಗೆ ಆದೇಶ ತಿಳಿದಿತ್ತು ಎಂಬುದನ್ನು ಮೊದಲು ರುಜುವಾತು ಮಾಡಬೇಕು. ಆದ್ದರಿಂದ ಅಂಚೆಯ ಸ್ವೀಕೃತಿ, ಅಮೀನರ ವರದಿ, ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ, ಎಲ್ಲವನ್ನೂ ತೆಗೆದಿಡಿ. ಉಲ್ಲಂಘನೆಯ ಫೋಟೊದಲ್ಲಿ ಅದೇ ಬಾವಿ, ಅದೇ ಮರ, ನಕ್ಷೆಯಲ್ಲಿ ತೋರಿಸಿದ ಅದೇ ಗುರುತು ಕಾಣಬೇಕು.

ಪೊಲೀಸ್ ರಕ್ಷಣೆ ಬೇಕಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 151ರಲ್ಲಿ ಕೋರ್ಟಿಗೇ ಅರ್ಜಿ ಹಾಕಿ ನಿರ್ದೇಶನ ತನ್ನಿ. ಹೊಡೆದಾಟ, ಬೆದರಿಕೆ, ಬೆಳೆನಾಶವಾದರೆ ಅದು ಪ್ರತ್ಯೇಕ ಅಪರಾಧ, ಅದಕ್ಕೆ ಠಾಣೆಯಲ್ಲಿ ದೂರು ಕೊಡಬಹುದು. ಕೊನೆಯ ತೀರ್ಪಿನ ಶಾಶ್ವತ ಆಜ್ಞೆಯನ್ನು ಮುರಿದರೆ ದಾರಿ ಬೇರೆ: ಆದೇಶ 21ರ ನಿಯಮ 32ರಲ್ಲಿ ಅಮಲ್ಜಾರಿ (ಡಿಕ್ರಿ ಜಾರಿಯ) ಅರ್ಜಿ. ಶಾಶ್ವತ ಆಜ್ಞೆಯ ಡಿಕ್ರಿಯ ಅಮಲಿಗೆ ಕಾಲಮಿತಿ ಇಲ್ಲ. ಬೇಲಿ ಕೀಳಿಸುವಂಥ ಮ್ಯಾಂಡೇಟರಿ ಡಿಕ್ರಿಗೆ ಮಾತ್ರ ಮೂರೇ ವರ್ಷ. ಗೆದ್ದ ಡಿಕ್ರಿಯನ್ನು ಪೆಟ್ಟಿಗೆಯಲ್ಲಿಟ್ಟು ಆ ಮೂರು ವರ್ಷ ಕಳೆದುಕೊಂಡರೆ ಗೆದ್ದೂ ಸೋತಂತೆ.

ಮೇಲ್ಮನವಿ ಹಾಕಿದರೆ ಸ್ಟೇ ಸಿಕ್ಕಂತೆಯೇ?

ಇಲ್ಲ. ಮೇಲ್ಮನವಿ ದಾಖಲಾದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಸ್ಟೇಗೆ ಬೇರೆ ಅರ್ಜಿ ಹಾಕಿ, ತಡಮಾಡದೆ ಬಂದಿದ್ದೇವೆ, ಗಣನೀಯ ನಷ್ಟವಾಗುತ್ತದೆ, ಭದ್ರತೆ ಕೊಡುತ್ತೇವೆ ಎಂಬುದನ್ನು ತೋರಿಸಬೇಕು. ಹಣದ ಡಿಕ್ರಿಯಾದರೆ ಠೇವಣಿ ಅಥವಾ ಭದ್ರತೆ ಕೇಳುತ್ತಾರೆ.

ಸ್ಟೇ ಸಿಕ್ಕ ದಿನವೇ ಅದನ್ನು ಕೆಳ ನ್ಯಾಯಾಲಯಕ್ಕೆ ಮೆಮೊ ಮೂಲಕ ತಿಳಿಸಿ. ಸ್ಟೇ ವಿಷಯ ತಿಳಿಯುವ ಮೊದಲು ಅಮಲ್ಜಾರಿ ನ್ಯಾಯಾಲಯ ಮಾಡಿದ ಕೆಲಸ ತಾನಾಗಿ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಬೆಂಗಳೂರಿನ ಹೈಕೋರ್ಟಿನಲ್ಲಿ ಬೆಳಿಗ್ಗೆ ಸ್ಟೇ ಆಗಿ, ಮಧ್ಯಾಹ್ನ ಇಲ್ಲಿ ಅಮೀನರು ಬೀಗ ಮುರಿದು ಸ್ವಾಧೀನ ಕೊಟ್ಟರೆ, ಮತ್ತೆ ಹಿಂದಕ್ಕೆ ಪಡೆಯಲು ಬೇರೆ ಅರ್ಜಿ, ಬೇರೆ ಅಲೆದಾಟ.

ಸ್ಟೇ ಎಂದರೆ ಕೆಳಗಿನ ಆದೇಶ ರದ್ದಾಯಿತು ಎಂದೂ ಅಲ್ಲ. ಆದೇಶ ಇದ್ದೇ ಇರುತ್ತದೆ, ಸ್ಟೇ ಇರುವವರೆಗೆ ಅದರ ಜಾರಿ ನಿಂತಿರುತ್ತದೆ, ಅಷ್ಟೆ. ಈ ವ್ಯತ್ಯಾಸವನ್ನು 1992ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಆರು ತಿಂಗಳಾದರೆ ಸ್ಟೇ ತಾನಾಗಿ ಹೋಗುತ್ತದಂತಲ್ಲ?

ಈಗ ಹಾಗಿಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮ ಹೇಳಿತ್ತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಹಳೇ ಮಾತು ನಂಬಿ ಕೆಲಸ ಶುರುಮಾಡಬೇಡಿ.

ಆದೇಶವಿದ್ದರೂ ಎದುರಾಳಿ ರಿಜಿಸ್ಟರ್ ಮಾಡಿಕೊಟ್ಟರೆ?

ಪರಭಾರೆ ಮಾಡಬಾರದೆಂಬ ಆದೇಶ ಸಿಕ್ಕ ಕೂಡಲೇ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಲಿಖಿತವಾಗಿ ಕೋರಿ. ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಆದೇಶವೇ ಇಲ್ಲದಿದ್ದರೂ, ಹಕ್ಕಿನ ದಾವೆ ನಡೆಯುತ್ತಿರುವಾಗ ಕೊಂಡವರು ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 52ರಂತೆ ಆ ದಾವೆಯ ಫಲಿತಾಂಶಕ್ಕೆ ಬದ್ಧರು.

ಯಾರ ವಿರುದ್ಧ, ಯಾವಾಗ ಸಿಗುವುದಿಲ್ಲ?

ಅಣ್ಣತಮ್ಮಂದಿರ ಜಂಟಿ ಸ್ವತ್ತಿನಲ್ಲಿ ಒಬ್ಬ ಪಾಲುದಾರ ಇನ್ನೊಬ್ಬನಿಗೆ "ಕಾಲಿಡಬೇಡ" ಎಂಬ ಆಜ್ಞೆ ತರುವುದು ಕಷ್ಟ. ಅಲ್ಲಿ ಬೇಕಾದ್ದು ವಿಭಾಗದ ದಾವೆ, ಅದರೊಳಗೆ ಪರಭಾರೆ ತಡೆ. ಹಕ್ಕೇ ತಕರಾರಿನಲ್ಲಿದ್ದರೆ ಬರೀ ನಿರ್ಬಂಧಕಾಜ್ಞೆ ಸಾಲದು, ಹಕ್ಕು ತಮ್ಮದೆಂಬ ಘೋಷಣೆಯನ್ನೂ ಕೇಳಬೇಕು. ಸ್ವಾಧೀನ ಕಳೆದುಕೊಂಡಾಗಿದ್ದರೆ ಸ್ವಾಧೀನವನ್ನೂ ಕೇಳಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನ ಹೋದಮೇಲೂ ಬರೀ ಆಜ್ಞೆಯ ದಾವೆ ಹಾಕಿ ಹತ್ತು ವರ್ಷ ನಡೆಸಿ ಸೋಲುವುದು ನಮ್ಮ ಕಡೆಯ ದೊಡ್ಡ ಸಂಕಟ.

ಸರ್ಕಾರದ ವಿರುದ್ಧವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ಹಾಕಬಹುದು, ಆದರೆ ಸರ್ಕಾರದ ಮಾತು ಕೇಳದೆ ಆದೇಶ ಮಾಡುವುದಿಲ್ಲ. ಹೆದ್ದಾರಿಯಂಥ ಮೂಲಸೌಕರ್ಯ ಯೋಜನೆಗೆ ಅಡ್ಡಿಯಾಗುವ ಆಜ್ಞೆಗೆ 2018ರ ತಿದ್ದುಪಡಿಯಿಂದ ಬಾಗಿಲು ಮುಚ್ಚಿದೆ. ಬರೀ ಪಹಣಿ ನಮೂದಿನ ತಕರಾರಾದರೆ ಮೊದಲು ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲೇ ತಡೆಯಾಜ್ಞೆ ಕೋರಿಕೆ.

ಖರ್ಚೆಷ್ಟು?

ಹಕ್ಕಿನ ನಿರಾಕರಣೆ ಇಲ್ಲದ ಬರೀ ನಿರ್ಬಂಧಕಾಜ್ಞೆ ದಾವೆಗೆ, 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಅಧಿನಿಯಮದ ಕಲಂ 26(ಸಿ) ಪ್ರಕಾರ ಕನಿಷ್ಠ ಮೌಲ್ಯ 1,000 ರೂಪಾಯಿ ಎಂದು ಹಿಡಿದರೆ ಶುಲ್ಕ 25 ರೂಪಾಯಿ. ಹಕ್ಕು ನಿರಾಕರಿಸಿದ್ದಾರೆ ಎಂದಾದರೆ ಕಲಂ 26(ಎ), ಅಲ್ಲಿ ಸ್ವತ್ತಿನ ಮಾರುಕಟ್ಟೆ ಮೌಲ್ಯದ ಅರ್ಧದ ಮೇಲೆ ಲೆಕ್ಕ. ವಕೀಲರ ಫೀಸು, ಅಳತೆ, ಕಮಿಷನರ್ ಫೀಸು ಬೇರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತಿಯಲ್ಲೋ ಅರ್ಜಿ ಕೊಡಿ, ಸಹಾಯವಾಣಿ 15100.